ಆಲೆಮನೆಯಲ್ಲಿ ನಿಂತ ಗಾಡಿಗೆ ಹನಿ ಕರೆಂಟು

ಕೆಲವು ವಿವರಗಳು ನನ್ನಲ್ಲಿ ಕಲಸಿಹೋಗಿವೆ ಎಂದು ಮೊದಲೇ ಹೇಳಿಬಿಡುತ್ತೇನೆ. ಮೊದಲು ಕೊಂಡ ಚಾರ್ಜರಿನ ದೀಪ ಹಸಿರಾಗಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಚಾಲಕರು ಅದು ನೀಲಿ ಎನ್ನುತ್ತಾರೆ. ಗ್ಯಾರೇಜಿನವನ ಜೊತೆ ನಾನು ಸಮಾಧಾನವಾಗಿಯೇ ಮಾತಾಡಿದೆ ಎಂದು ನಂಬಿಕೊಂಡಿದ್ದೇನೆ, ಅದಕ್ಕೂ ಸಾಕ್ಷಿಯಿಲ್ಲ. ನಾನು ದಿನಚರಿ ಬರೆಯುವವಳು ನಿಜ. ಆದರೆ ಆ ಬೇಸಿಗೆಯಲ್ಲಿ ಬರೆದದ್ದೆಲ್ಲ ದಣಿದು ಮನೆಗೆ ಬಂದ ಮೇಲೆ, ಮತ್ತು ದಣಿದವರು ತಮ್ಮ ಪರವಾಗಿಯೇ ಬರೆದುಕೊಳ್ಳುತ್ತಾರೆ. ಹಾಗಾಗಿ ಈ ಬರಹದಲ್ಲಿ ನಾನು ಜಾಣೆಯಂತೆ ಕಾಣುವ ಜಾಗಗಳಲ್ಲಿ ಓದುವವರು ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಮಕ್ಕಳಿಗೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಶ್ರೀರಂಗಪಟ್ಟಣದ ಒಂದು ಸಣ್ಣ ಟ್ರಸ್ಟಿನ ಪರವಾಗಿ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿ ಶಾಲೆಗಳಿಗೆ ಹೋಗುತ್ತೇನೆ. ಹೋಗುವುದು ಒಂದು ಹಳೆಯ ದೊಡ್ಡ ಡೀಸೆಲ್ ಕಾರಿನಲ್ಲಿ. ಅದರ ಹಿಂದಿನ ಸೀಟುಗಳನ್ನು ತೆಗೆದು, ಹೊರಗಿನ ಸದ್ದು ಒಳಗೆ ಬಾರದಂತೆ ಒಂದು ಗೂಡು ಕಟ್ಟಿದ್ದಾರೆ. ಮಗು ಗೂಡಿನೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತದೆ. ಸದ್ದು ಕೇಳಿದಾಗಲೆಲ್ಲ ಒಂದು ಹುಣಸೆಬೀಜವನ್ನು ಬಟ್ಟಲಿಗೆ ಹಾಕಬೇಕು. ಕೇಳದಿದ್ದರೆ ಬೀಜ ಕೈಯಲ್ಲೇ ಉಳಿಯುತ್ತದೆ. ಪರೀಕ್ಷೆ ನಡೆಯುವಷ್ಟು ಹೊತ್ತು ಎಂಜಿನ್ ಆರಿಸಿರಬೇಕು, ಇಲ್ಲದಿದ್ದರೆ ಅದರ ಸದ್ದೇ ಮಗುವಿನ ಕಿವಿಗೆ ಹೋಗುತ್ತದೆ. ಅಂದರೆ ಯಂತ್ರ, ಗೂಡಿನ ದೀಪ, ಫ್ಯಾನು ಎಲ್ಲವನ್ನೂ ಹೊರುವುದು ಕಾರಿನ ಬ್ಯಾಟರಿ ಒಂದೇ. ಕೊನೆಯ ಮಗು ಇಳಿದ ಮೇಲೆ ಅದೇ ಬ್ಯಾಟರಿ ಎಂಜಿನ್ನನ್ನೂ ಎಬ್ಬಿಸಬೇಕು.

ಶಾಲೆ ನಡೆಯುವಾಗ ತೊಂದರೆಯಿಲ್ಲ. ಗಾಡಿ ಓಡುತ್ತಿರುತ್ತದೆ, ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ತೊಂದರೆ ರಜೆಯಲ್ಲಿ. ಕೋಟೆಯೊಳಗಿನ ಇಕ್ಕಟ್ಟಿನ ಬೀದಿಯಲ್ಲಿರುವ ನಮ್ಮ ಕಚೇರಿಯಲ್ಲಿ ಸೈಕಲ್ ನಿಲ್ಲಿಸುವುದಕ್ಕೂ ಜಾಗವಿಲ್ಲ. ಹಾಗಾಗಿ ರಜೆ ಬಂದರೆ ಗಾಡಿ ಪಾಲಹಳ್ಳಿಯ ನನ್ನ ಸೋದರತ್ತೆಯ ಹಿತ್ತಿಲಿಗೆ ಹೋಗುತ್ತದೆ. ಅಲ್ಲಿ ಬೆಲ್ಲ ಮಾಡುವುದು ನಿಂತುಹೋದ ಒಂದು ಆಲೆಮನೆ ಇದೆ. ಮೇಲೆ ತಗಡು, ಮೂರು ಕಡೆ ಗೋಡೆ, ಒಳಗೆ ಒಂದು ಪ್ಲಗ್ಗು. ನಾಲೆ ಬಯಲಾದ್ದರಿಂದ ತೇವ ಹೆಚ್ಚು. ಗೂಡಿನೊಳಗಿನ ಸ್ಪಂಜಿಗೆ ಒಮ್ಮೆ ಬೂಷ್ಟು ಹಿಡಿದು ಪೂರ್ತಿ ಬದಲಿಸಬೇಕಾಗಿ ಬಂದಿತ್ತು. ಅಂದಿನಿಂದ ಒಳಗೊಂದು ಅಂಗೈಯಗಲದ ಫ್ಯಾನು ಹಗಲೂ ರಾತ್ರಿ ತಿರುಗುತ್ತದೆ. ಅದು ತಿರುಗುವುದೂ ಕಾರಿನ ಬ್ಯಾಟರಿಯಿಂದಲೇ.

ಹಿಂದಿನ ದಸರಾ ರಜೆ ಮುಗಿದು ನಾಗಮಂಗಲದ ಕಡೆ ಶಿಬಿರವಿದ್ದ ದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂದಿತು, ಅಷ್ಟೆ. ಪಕ್ಕದ ಹೊಲದಿಂದ ಟ್ರಾಕ್ಟರು ತರಿಸಿ, ಅದರ ಬ್ಯಾಟರಿಯಿಂದ ತಂತಿ ಎಳೆದು, ಗಾಡಿ ಎಬ್ಬಿಸಿ ನಾವು ತಲುಪುವ ಹೊತ್ತಿಗೆ ತಂದೆತಾಯಿಯರೆಲ್ಲ ಡೇರಿಗೆ ಹಾಲು ಹಾಕಲು ಎದ್ದು ಹೋಗಿದ್ದರು. ಶಾಲೆಯ ಜಗಲಿಯಲ್ಲಿ ಮೇಷ್ಟರೊಬ್ಬರೇ ಕೂತಿದ್ದರು.

ಟ್ರಸ್ಟಿನ ಕಾರ್ಯದರ್ಶಿ ಕೂಗಾಡುವ ಮನುಷ್ಯರಲ್ಲ. ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡಿ, ನೀವು ಪರೀಕ್ಷೆ ಚೆನ್ನಾಗಿ ಮಾಡ್ತೀರಿ. ಆದ್ರೆ ಗಾಡೀನೇ ಬರ್ದಿದ್ರೆ ಏನನ್ನ ಪರೀಕ್ಷೆ ಮಾಡ್ತೀರಿ? ಬೇಸಿಗೆ ರಜ ಮುಗಿದ ಮೇಲಿನ ಮೊದಲ ಶಿಬಿರವೂ ಹೀಗೇ ಆದ್ರೆ, ಗಾಡಿ ಕೊಟ್ಟೋರಿಗೆ ವಾಪಸ್ ಕೊಟ್ಬಿಡೋಣ. ಮಕ್ಕಳನ್ನ ಮೈಸೂರಿಗೇ ಕಳಿಸ್ಲಿ."

ಮೈಸೂರಿಗೆ ಕಳಿಸುವುದು ಎಂದರೆ ಕಳಿಸದೆ ಇರುವುದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಪೂರ್ತಿ ಕೇಳದ ಮಗುವನ್ನು ಹೇಗೋ ಕರೆದುಕೊಂಡು ಹೋಗುತ್ತಾರೆ. ಅರ್ಧಂಬರ್ಧ ಕೇಳುವ ಮಗುವನ್ನು ದಡ್ಡು ಎಂದು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ.

ಅಂಥ ಒಬ್ಬಳು ಗೋವಿಂದನಹಳ್ಳಿಯ ಆಚೆಗಿನ ಶಾಲೆಯಲ್ಲಿದ್ದಳು. ಬೇಸಿಗೆಗೆ ಮುಂಚಿನ ಕೊನೆಯ ಶಿಬಿರದಲ್ಲಿ ಅವಳ ಎರಡು ಕಿವಿಯೂ ಕಡಿಮೆ ಕೇಳುತ್ತಿದ್ದವು, ಮೇಲಾಗಿ ಸೋರುತ್ತಿದ್ದವು. ಕೆ.ಆರ್.ಪೇಟೆಯ ವೈದ್ಯರಿಗೆ ತೋರಿಸಿ, ಸೋರುವುದು ನಿಂತ ಮೇಲೆ ಮತ್ತೆ ಅಳೆಯಬೇಕಿತ್ತು. ಆ ಎರಡನೆಯ ಅಳತೆ ಇಲ್ಲದೆ ಶ್ರವಣ ಸಾಧನ ಬೇಕೋ ಬೇಡವೋ ಹೇಳುವ ಹಾಗಿಲ್ಲ. ಅವಳ ತಾಯಿ ನನ್ನ ಮಾತನ್ನು ಅರ್ಧ ನಂಬಿದ್ದರು.

"ಕೇಳುಸ್ತದೆ ಮೇಡಂ ಅವ್ಳಿಗೆ. ಚಾಕ್ಲೇಟ್ ಅಂದ್ರೆ ಕೇಳುಸ್ತದೆ, ಕಸ ಗುಡ್ಸು ಅಂದ್ರೆ ಕೇಳ್ಸಲ್ಲ," ಎಂದು ನಕ್ಕು, ಆಮೇಲೆ ದನಿ ತಗ್ಗಿಸಿ ಕೇಳಿದರು: "ಮೈಸೂರ್ಗೆಲ್ಲ ನಾನೊಬ್ಳೇ ಎಲ್ ಕರ್ಕಂಡೋಗ್ಲಿ? ನೀವೇ ಬತ್ತೀರಲ್ವಾ ಮತ್ತೆ?"

ಬರುತ್ತೇನೆ ಎಂದೆ. ಹಾಗೆ ಹೇಳುವಾಗ ಗಾಡಿಯ ಯೋಚನೆ ನನಗೆ ಬಂದಿತ್ತೋ ಇಲ್ಲವೋ, ಈಗ ಹೇಳಲಾರೆ.

ಬೇಸಿಗೆ ರಜೆ ಶುರುವಾಯಿತು. ಗಾಡಿ ಆಲೆಮನೆ ಸೇರಿತು. ನಮ್ಮ ಚಾಲಕರೂ ಪಾಲಹಳ್ಳಿಯವರೇ. ಅವರ ಬಳಿ ಉಪಾಯ ಸಿದ್ಧವಿತ್ತು.

"ನೀವ್ ಸುಮ್ಕಿರಿ ಮೇಡಂ. ದಿನಾ ಬೆಳಿಗ್ಗೆ ಬಂದು ಒಂದು ಸೆಲ್ಪ್ ಒಡ್ದು ಅತ್ನಿಮಿಷ ಬುಟ್ರೆ ಬ್ಯಾಟ್ರಿ ಕುದ್ರೆ ಇದ್ದಂಗಿರ್ತದೆ."

ಅವರು ಮಾತಿಗೆ ತಪ್ಪಲಿಲ್ಲ. ಪ್ರತಿದಿನ ಬಂದು ಎಂಜಿನ್ ಎಬ್ಬಿಸಿ, ಕನ್ನಡಿಗೆ ಊದುಬತ್ತಿ ಬೆಳಗಿ, ಒಂದು ದೇವರ ಹಾಡು ಮುಗಿಯುವವರೆಗೆ ಸ್ಟೀರಿಂಗಿನ ಹಿಂದೆ ಕೈಕಟ್ಟಿ ಕೂತು, ಆರಿಸಿ ಹೋಗುತ್ತಿದ್ದರು. ನಾನು ಒಂದು ಮೀಟರ್ ಕೊಂಡಿದ್ದೆ, ವೋಲ್ಟ್ ಅಳೆಯುವ ಸಾಧಾರಣದ್ದು. ಆರಾಮವಾಗಿರುವ ತುಂಬಿದ ಬ್ಯಾಟರಿ ಹನ್ನೆರಡೂವರೆಗಿಂತ ತುಸು ಮೇಲೆ ತೋರಿಸಬೇಕು, ಹನ್ನೆರಡಕ್ಕೆ ಬಂದರೆ ಹೆಚ್ಚುಕಡಿಮೆ ಬರಿದಾದಂತೆ ಎಂದು ಓದಿಕೊಂಡಿದ್ದೆ. ಚಾಲಕರು ಬರುವ ಮುಂಚೆ ಒಮ್ಮೆ, ಅವರು ಹೋಗಿ ಬ್ಯಾಟರಿ ತಣ್ಣಗಾದ ಮೇಲೆ ಒಮ್ಮೆ ಅಳೆದೆ. ಪ್ರತಿ ಸಲವೂ ಎರಡನೆಯ ಅಂಕಿ ಮೊದಲನೆಯದಕ್ಕಿಂತ ಒಂದು ಕೂದಲು ಕೆಳಗಿತ್ತು. ಎಂಜಿನ್ ಎಬ್ಬಿಸುವಾಗ ಬ್ಯಾಟರಿ ಒಮ್ಮೆಲೇ ಕೊಡುವುದನ್ನು, ನಿಂತಲ್ಲೇ ಗುರುಗುಡುವ ಎಂಜಿನ್ ಅಷ್ಟು ಬೇಗ ಹಿಂದಿರುಗಿಸುವುದಿಲ್ಲ. ಅದರ ಮೇಲೆ ಹಾಡು ಬೇರೆ.

ಹೇಳಿದೆ. ಚಾಲಕರು ಮೀಟರನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಮೀಟ್ರೇ ಸರಿಗಿಲ್ಲ ಬುಡಿ. ಸಣ್ಣದಲ್ವಾ, ಅದುಕ್ಕೇನ್ ಗೊತ್ತಾಯ್ತದೆ," ಎಂದರು. ಆದರೆ ಮರುದಿನದಿಂದ ಊದುಬತ್ತಿ ಮಾತ್ರ ಬೆಳಗಿದರು. ಮತ್ತೊಂದು ಉಪಾಯವನ್ನೂ ಹೇಳಿದರು: ಬ್ಯಾಟರಿಯ ತಂತಿಯನ್ನೇ ಕಳಚಿ ಇಡುವುದು. ಬೇರೆ ಯಾವ ಕಾರಿಗಾದರೂ ಅದು ಸರಿಯಾದ ಮಾತು. ನಮ್ಮಲ್ಲಿ ತಂತಿ ಕಳಚಿದರೆ ಫ್ಯಾನು ನಿಲ್ಲುತ್ತದೆ, ಫ್ಯಾನು ನಿಂತರೆ ಬೂಷ್ಟು.

ಹಾಗಾದರೆ ಹೊರಗಿನಿಂದಲೇ ಕರೆಂಟು ಕೊಡಬೇಕು. ಪಾಂಡವಪುರದಲ್ಲಿ ಟ್ರಾಕ್ಟರ್ ರಿಪೇರಿ ಮಾಡುವ ಗ್ಯಾರೇಜಿನವನ ಹತ್ತಿರ ಒಂದು ಚಾರ್ಜರ್ ಇತ್ತು. ಕಬ್ಬಿಣದ ಡಬ್ಬ, ಹೊತ್ತು ತರಲು ಇಬ್ಬರು ಬೇಕು. ರಜೆ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದು ಕೊಟ್ಟ.

"ಸತ್ತೋಗಿರೋ ಟ್ರಾಕ್ಟ್ರು ಬ್ಯಾಟ್ರಿನೂ ಎದ್ದು ಕುಂತ್ಕತದೆ ಮೇಡಂ ಇದುಕ್ಕೆ. ನಿಮ್ದು ಕಾರು, ಯಾವ್ ಲೆಕ್ಕ?"

ತಪ್ಪು ಆ ಮಾತಿನಲ್ಲೇ ಇತ್ತು, ನನಗೆ ಹೊಳೆಯಲಿಲ್ಲ. ಸತ್ತ ಬ್ಯಾಟರಿಯನ್ನು ಬೇಗ ತುಂಬಿಸುವುದು ಒಂದು ಕೆಲಸ, ತುಂಬಿದ್ದನ್ನು ತುಂಬಿದ ಹಾಗೇ ಕಾಯುವುದು ಬೇರೆ ಕೆಲಸ. ಆ ಡಬ್ಬಕ್ಕೆ ನಿಲ್ಲಿಸುವುದು ಗೊತ್ತಿರಲಿಲ್ಲ. ಬ್ಯಾಟರಿ ತುಂಬಿದ ಮೇಲೂ ಒಂದೇ ಸಮನೆ ನೂಕುತ್ತಿತ್ತು. ಹಾಕಿ ಹೋದವಳು ಮತ್ತೆ ಬಂದು ನೋಡುವ ಹೊತ್ತಿಗೆ ಅತ್ತೆ ಮೂಗಿಗೆ ಸೆರಗು ಹಿಡಿದು ಆಲೆಮನೆಯ ಹೊರಗೆ ನಿಂತಿದ್ದರು.

"ಏನವ್ವಾ ಇದು, ಕೊಳ್ತ ಮೊಟ್ಟೆ ನಾತ! ಆಲೆಮನೇಲಿ ಬೆಲ್ಲದ ವಾಸ್ನೆ ಬರ್ಬೇಕು ಕಣವ್ವ."

ಒಳಗೆ ಬ್ಯಾಟರಿ ಕುದಿಯುವ ಎಸರಿನಂತೆ ಸಣ್ಣಗೆ ಸದ್ದು ಮಾಡುತ್ತಿತ್ತು. ಮೀಟರ್ ಹದಿನೈದು ದಾಟಿತ್ತು. ನನ್ನ ಹಿಂದೆಯೇ ಬಂದ ಚಾಲಕರ ಬಾಯಲ್ಲಿ ಬೀಡಿ, ಕೈಯಲ್ಲಿ ಬೆಂಕಿಪೊಟ್ಟಣ. ನಾನು ಕೂಗಿದೆನೆಂದು ಅತ್ತೆ ಹೇಳುತ್ತಾರೆ. ಕೈ ಹಿಡಿದುಕೊಂಡೆ ಎಂದು ನನ್ನ ನೆನಪು. ಎರಡೂ ಮಾಡಿರಬಹುದು. ಅಷ್ಟು ಕುದಿಯುವ ಬ್ಯಾಟರಿಯಿಂದ ಬರುವ ಗಾಳಿಗೆ ಒಂದು ಕಿಡಿ ಸಾಕು, ಬ್ಯಾಟರಿಯೇ ಸಿಡಿಯುತ್ತದೆ. ಅವರನ್ನು ಹೊರಗೆ ಕಳಿಸಿ, ಮೊದಲು ಗೋಡೆಯ ಸ್ವಿಚ್ಚು ಆರಿಸಿ, ಗಾಳಿಯಾಡುವುದನ್ನು ಕಾದು, ಆಮೇಲೆ ಬ್ಯಾಟರಿಗೆ ಕಚ್ಚಿಸಿದ್ದ ಚಾರ್ಜರಿನ ಹಿಡಿಕೆಗಳನ್ನು ತೆಗೆದೆ. ಸ್ವಿಚ್ಚು ಆರಿಸದೆ ಹಿಡಿಕೆ ತೆಗೆದಿದ್ದರೆ ಆ ಕಿಡಿಯನ್ನು ನಾನೇ ಕೊಟ್ಟಂತಾಗುತ್ತಿತ್ತು.

ಬ್ಯಾಟರಿಯೊಳಗಿನ ನೀರು ಸೀಸದ ತಟ್ಟೆಗಳ ಮಟ್ಟಕ್ಕೆ ಇಳಿದಿತ್ತು. ಡಿಸ್ಟಿಲ್ಡ್ ನೀರು ತಂದು ಗೆರೆಯವರೆಗೆ ತುಂಬಿಸಿದೆ. ಅದೃಷ್ಟಕ್ಕೆ ಬ್ಯಾಟರಿ ಉಳಿಯಿತು. ಡಬ್ಬವನ್ನು ಹಿಂದಿರುಗಿಸಿದಾಗ ಗ್ಯಾರೇಜಿನವನು, "ಅದುನ್ನ ಹಾಕ್ಬುಟ್ಟು ಯಾರಾರ ಮನೀಗೋಯ್ತಾರಾ ಮೇಡಂ? ಒಲೆ ಮ್ಯಾಲೆ ಆಲಿಟ್ಟು ಪೇಟೆಗೋದಂಗಾಯ್ತು," ಎಂದ. ಕೊಡುವಾಗ ಇದನ್ನು ಹೇಳಿರಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಸಮಾಧಾನವಾಗಿ ಮಾತಾಡಿದೆ ಎಂದು ಬರೆದುಕೊಂಡಿರುವುದು ಈ ಸಂದರ್ಭದ ಬಗ್ಗೆಯೇ.

ಬೇಕಾದದ್ದು ಟ್ರಿಕಲ್ ಚಾರ್ಜರ್, ಹನಿಹನಿಯಾಗಿ ಕರೆಂಟು ಕೊಡುವಂಥದ್ದು ಎಂದು ಆಮೇಲೆ ಕೂತು ಓದಿ ತಿಳಿದುಕೊಂಡೆ. ಅದು ಒಂದೆರಡು ಆಂಪಿಯರಿಗಿಂತ ಹೆಚ್ಚು ಕೊಡುವುದಿಲ್ಲ. ಒಳ್ಳೆಯದಾದರೆ ಬ್ಯಾಟರಿ ತುಂಬಿದ್ದನ್ನು ತಾನೇ ತಿಳಿದು, ವೋಲ್ಟನ್ನು ಹದಿಮೂರೂವರೆಯ ಆಸುಪಾಸಿಗೆ ಇಳಿಸಿ, ಸೋರಿದಷ್ಟನ್ನು ಮಾತ್ರ ತುಂಬಿಕೊಡುತ್ತ ಇರುತ್ತದೆ. ಅಲ್ಲಿ ನೀರು ಕುದಿಯುವುದಿಲ್ಲ. ಹಿಡಿಕೆ ಉಲ್ಟಾ ಹಾಕಿದರೂ ಸುಡದ ಹಾಗೆ ರಕ್ಷಣೆ ಇರಬೇಕು. ಇವೆಲ್ಲವನ್ನೂ ಪಟ್ಟಾಗಿ ಕೇಳಿ ಮೈಸೂರಿನಲ್ಲಿ ಒಂದು ಕೊಂಡೆ. ಪುಟ್ಟ ಪರದೆ, ಗುಂಡಿಗಳು, ಕಾರಿಗೆ ಬೈಕಿಗೆ ಬೇರೆಬೇರೆ ಕ್ರಮ. ಎಲ್ಲವೂ ಇದ್ದದ್ದೇ ಒಳ್ಳೆಯದೆಂದು ಆಗ ಅನಿಸಿತ್ತು.

ಕೆಂಪು ಹಿಡಿಕೆಯನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪನ್ನು ಬ್ಯಾಟರಿಯಿಂದ ದೂರವಿರುವ ಬರಿ ಕಬ್ಬಿಣಕ್ಕೆ ಹಾಕಿ, ಕೊನೆಗೆ ಗೋಡೆಯ ಸ್ವಿಚ್ಚು ಒತ್ತಿ, ಗುಂಡಿಯಲ್ಲಿ ಕಾರಿನ ಕ್ರಮ ಆಯ್ದೆ. ಅತ್ತೆ ಬಗ್ಗಿ ನೋಡಿದರು.

"ಇದೇನವ್ವ, ಕಾರ್ಗೂ ಗ್ಲೂಕೋಸ್ ಏರ್ಸ್‌ಬುಟ್ಟಿದ್ದೀಯಾ?"

"ಹೂಂ ಅತ್ತೆ. ಸುಸ್ತಾಗ್ಬಾರ್ದಲ್ಲ."

"ನನ್ಗೂ ಒಂದ್ ಬಾಟ್ಲಿ ಹಾಕ್ಸವ್ವ. ನಂಗ್ಯಾರು ಕೇಳ್ತರೆ?"

ಒಂದು ಸಂಜೆ ಕಳೆದು ಮೀಟರ್ ಇಟ್ಟಾಗ ಅಂಕಿ ಸರಿಯಾಗಿತ್ತು. ಅಲ್ಲಿಂದ ಮುಂದೆ ನಾನು ವಾರಕ್ಕೆ ಒಂದೆರಡು ಸಲ ಬರುತ್ತಿದ್ದೆ. ಪರದೆಯ ದೀಪ ಉರಿಯುತ್ತಿತ್ತು. ಅತ್ತೆಯ ಜೊತೆ ಕಾಫಿ ಕುಡಿದು ಹೋಗುತ್ತಿದ್ದೆ. ಪ್ರತಿ ಸಲವೂ ಮೀಟರ್ ಇಟ್ಟೆನೇ? ಇಟ್ಟೆ ಎಂದು ಬಹಳ ದಿನ ನಂಬಿದ್ದೆ. ಇಟ್ಟಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ, ಆದ್ದರಿಂದ ಇಟ್ಟಿಲ್ಲ.

ಶಾಲೆ ತೆರೆಯಲು ಇನ್ನು ಸ್ವಲ್ಪವೇ ದಿನ ಇದ್ದಾಗ ಮೀಟರ್ ಇಟ್ಟೆ. ಹನ್ನೆರಡಕ್ಕಿಂತ ಕೆಳಗಿತ್ತು. ಮೀಟರಿನ ಮೊನೆ ಚುಚ್ಚಿದ ಜಾಗ ತಪ್ಪಿರಬೇಕೆಂದು ಒರೆಸಿ ಮತ್ತೆ ಇಟ್ಟೆ. ಅದೇ ಅಂಕಿ. ಕೀಲಿ ತಿರುಗಿಸುವ ಧೈರ್ಯ ಬರಲಿಲ್ಲ, ಚಾಲಕರು ತಿರುಗಿಸಿದರು. ಟಿಕ್ ಟಿಕ್.

"ನಾನ್ ದಿನಾ ಸೆಲ್ಪ್ ಒಡೀತಿದ್ನಲ್ಲ, ಅವಾಗೇ ಚೆನ್ನಾಗಿತ್ತು," ಎಂದರು. ಅವರು ಹಂಗಿಸುತ್ತಿರಲಿಲ್ಲ. ಹಂಗಿಸಿದ್ದರೆ ಉತ್ತರ ಕೊಡಬಹುದಿತ್ತು.

ಅದೇ ದಿನ ಕಾರ್ಯದರ್ಶಿಯವರ ಫೋನು. ಮೊದಲ ಶಿಬಿರ ಗೋವಿಂದನಹಳ್ಳಿ ಕಡೆಯೇ ಎಂದು ನಿಗದಿಯಾಗಿತ್ತು. ಬ್ಯಾಟರಿ ಇಳಿದಿದೆ ಎಂದು ಹೇಳಿದೆ. "ಹೊಸ ಬ್ಯಾಟರಿ ಹಾಕ್ಸೋಣ್ವಾ? ಇಲ್ಲಾ ಈಗ್ಲೇ ಮುಗಿಸಿಬಿಡೋಣ್ವಾ? ಹೇಳಿ."

ಹೊಸ ಬ್ಯಾಟರಿ ಹಾಕಿಸಿದರೆ ಮೊದಲ ಶಿಬಿರ ದಾಟುತ್ತಿತ್ತು. ಆದರೆ ಏಕೆ ಇಳಿಯಿತೆಂದು ತಿಳಿಯದೆ ಹಾಕಿಸಿದ ಹೊಸದು ಮುಂದಿನ ರಜೆಯಲ್ಲಿ ಇದೇ ಜಾಗದಲ್ಲಿ ಇದೇ ರೀತಿ ಸಾಯುತ್ತದೆ. ಗಾಡಿ ಕೈಬಿಟ್ಟು ಹೋಗುವುದು ಒಂದು ರಜೆ ಮುಂದಕ್ಕೆ ಬೀಳುತ್ತದೆ, ಅಷ್ಟೆ. ನನಗೆ ಕಾರಣ ಗೊತ್ತಾಗಬೇಕಿತ್ತು. ಸ್ವಲ್ಪ ಕಾಲ ಕೊಡಿ ಎಂದೆ. ಅವರು "ಶಿಬಿರದ ದಿನ ಮುಂದಕ್ಕೆ ಹಾಕೋಕಾಗಲ್ಲ" ಎಂದಷ್ಟೇ ಹೇಳಿ ಫೋನಿಟ್ಟರು.

ಮರುದಿನ ಬೆಳಿಗ್ಗೆಯೇ ಪಾಲಹಳ್ಳಿಗೆ ಹೋಗಿ ಆಲೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಗುಂಡಿ ಒತ್ತಿ ಚಾರ್ಜರ್ ಶುರು ಮಾಡಿದೆ. ಮೀಟರಿನ ಅಂಕಿ ಮೆಲ್ಲಗೆ ಏರಿತು. ಚಾರ್ಜರ್ ಕೆಟ್ಟಿಲ್ಲ. ಬ್ಯಾಟರಿ ತೆಗೆದುಕೊಳ್ಳುತ್ತಿದೆ, ಅಂದರೆ ಅದೂ ಸತ್ತಿಲ್ಲ. ಹಾಗಾದರೆ ಇಷ್ಟು ದಿನ ಏನು ನಡೆಯುತ್ತಿತ್ತು?

ಮಧ್ಯಾಹ್ನದ ಊಟದ ಮೇಲೆ ಕೆ.ಆರ್.ಎಸ್. ಕಡೆ ಮೋಡ ಕಟ್ಟಿತು. ಮೊದಲ ಗುಡುಗು ಸಣ್ಣದು, ದೂರದ್ದು. ಅತ್ತೆ ಕೊಟ್ಟಿಗೆಯಿಂದ ದಡದಡ ಬಂದರು. ಮನೆಯೊಳಗೆ ಟೀವಿಯದು, ಫ್ರಿಜ್ಜಿನದು, ಮಿಕ್ಸಿಯದು ಒಂದೊಂದಾಗಿ ಪ್ಲಗ್ಗು ಕಿತ್ತ ಸದ್ದು ಕೇಳಿತು. ಆಮೇಲೆ ಆಲೆಮನೆಗೆ ಬಂದು, ನಾನು ಅಲ್ಲಿ ಕೂತಿರುವುದನ್ನೂ ಲೆಕ್ಕಿಸದೆ, ನಮ್ಮ ಚಾರ್ಜರಿನದನ್ನೂ ಕಿತ್ತು ಹೋದರು. ಪರದೆ ಕಪ್ಪಾಯಿತು.

ಮಳೆ ಬಂದು ನಿಂತಿತು. ಅತ್ತೆ ಮತ್ತೆ ಬಂದು ಪ್ಲಗ್ಗು ಹಾಕಿದರು. ದೀಪ ಹತ್ತಿತು.

"ಅತ್ತೆ, ದಿನಾ ಹಿಂಗೆ ಕೀಳ್ತೀರಾ?"

"ಗುಡುಗುದ್ರೆ ಕೀಳ್ದೆ ಇದ್ದಾರಾ? ಡೇರಿಗೋದ್ರೂ ಕಿತ್ತಾಕ್ಬುಟ್ಟೇ ಓಗದು. ಮತ್ತೆ ಬಂದು ಹಾಕ್ತೀನಲ್ಲ! ನೋಡು, ಲೈಟ್ ಬಂದದಲ್ಲ?"

ಲೈಟು ಬಂದಿತ್ತು. ನಾನು ಮೀಟರ್ ನೋಡಿದೆ. ಅಂಕಿ ಇಳಿಯುತ್ತಿತ್ತು. ಪರದೆಗೆ ಕಣ್ಣು ಕೊಟ್ಟು ನೋಡಿದಾಗ ಕಾರಿನ ಚಿತ್ರ ಇರಲಿಲ್ಲ, ಒಂದು ಸಣ್ಣ ಅಡ್ಡಗೆರೆ ಮಾತ್ರ ಇತ್ತು. ಆ ಚಾರ್ಜರ್ ಕರೆಂಟು ಹೋಗಿ ಬಂದಾಗಲೆಲ್ಲ ಎಲ್ಲವನ್ನೂ ಮರೆತು, ಯಾವ ಕ್ರಮ ಬೇಕು ಎಂದು ಯಾರಾದರೂ ಗುಂಡಿ ಒತ್ತಲಿ ಎಂದು ಕಾಯುತ್ತಿತ್ತು. ದೀಪದ ಅರ್ಥ ಕರೆಂಟು ಇದೆ ಎಂದಷ್ಟೇ, ಚಾರ್ಜ್ ಆಗುತ್ತಿದೆ ಎಂದಲ್ಲ. ಅತ್ತೆ ಮೊದಲ ಸಲ ಕಿತ್ತು ಹಾಕಿದ ದಿನದಿಂದಲೇ ಅದು ಸುಮ್ಮನೆ ದೀಪ ಹಚ್ಚಿಕೊಂಡು ಕೂತಿತ್ತು, ಫ್ಯಾನು ಬ್ಯಾಟರಿಯನ್ನು ಹೀರುತ್ತಿತ್ತು. ಅತ್ತೆ ಹಾಕಿದ್ದರು, ಲೈಟ್ ಬಂದಿತ್ತು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ನನಗೆ ನಗು ಬಂತು. ಅತ್ತೆಗೆ ಗಾಬರಿಯಾಯಿತು.

"ಯಾಕವ್ವಾ, ನಾನೇನಾರ ಕೆಡ್ಸ್‌ಬುಟ್ನಾ?"

ಇಲ್ಲ ಎಂದೆ. ಆ ಕ್ಷಣದಲ್ಲಿ ನನ್ನ ಮುಂದೆ ಸುಲಭದ ದಾರಿಗಳಿದ್ದವು. ಪ್ಲಗ್ಗಿಗೆ ಟೇಪು ಸುತ್ತಿ ಮುಟ್ಟಬೇಡಿ ಎನ್ನಬಹುದಿತ್ತು. ಗುಂಡಿ ಒತ್ತುವುದನ್ನು ಕಲಿಸಬಹುದಿತ್ತು. ಮಳೆ ನಿಂತ ಮೇಲೆ ಅಲ್ಲಿಗೆ ಬಂದಿದ್ದ ಚಾಲಕರು ಟೇಪು ತರುತ್ತೇನೆಂದು ಹೊರಟೇ ಬಿಟ್ಟಿದ್ದರು. ಆದರೆ ಸಿಡಿಲಿಗೆ ಪ್ಲಗ್ಗು ಕೀಳುವುದು ತಪ್ಪಲ್ಲ. ಈ ಬಯಲಿನಲ್ಲಿ ಅದೇ ಸರಿ. ಕೀಳದೆ ಹೋದರೂ ಹಳ್ಳಿಯ ಕರೆಂಟು ತಾನೇ ಹೋಗಿ ಬರುತ್ತದೆ, ಆಗ ಗುಂಡಿ ಒತ್ತುವವರಾರು? ನಾನು ಚಾರ್ಜರನ್ನು ಆಯ್ದದ್ದು ಬ್ಯಾಟರಿಯನ್ನು ನೋಡಿ. ಅದನ್ನು ಹಾಕುವ ಮನೆಯನ್ನು ನೋಡಿರಲಿಲ್ಲ. ಪ್ಲಗ್ಗು ಕಿತ್ತು ಹಾಕಿದರೆ ಯಾರನ್ನೂ ಕೇಳದೆ ಬಿಟ್ಟಲ್ಲಿಂದ ಶುರು ಮಾಡುವ ಚಾರ್ಜರ್ ಬೇಕು ಎಂದು ತೀರ್ಮಾನಿಸಿದೆ. ಅತ್ತೆ ತಮ್ಮ ಪಾಡಿಗೆ ಕೀಳಲಿ.

ಅಂಥದ್ದು ಮೈಸೂರಿನ ಅಂಗಡಿಯಲ್ಲಿ ಇರಲಿಲ್ಲ. ಇದ್ದರೂ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಚಾಲಕರಿಗೆ ಬೆಳ್ಳೂರು ಕ್ರಾಸಿನ ನೆನಪಾಯಿತು. ಹೆದ್ದಾರಿಯಲ್ಲಿ ಲಾರಿ, ಬಸ್ಸು ನಿಲ್ಲುವ ಊರು, ಬಿಡಿಭಾಗದ ಅಂಗಡಿಗಳಿವೆ. ಅವರ ಬೈಕಿನ ಹಿಂದೆ ಕೂತು ಹೋದೆ. ಅಂಗಡಿಯವನು ಮೇಲಿನ ಹಲಗೆಯಿಂದ ದೂಳು ಕೊಡವಿ ಒಂದು ಕಪ್ಪು ಡಬ್ಬ ಇಳಿಸಿದ. ಪರದೆ ಇಲ್ಲ, ಗುಂಡಿ ಇಲ್ಲ. ಎರಡು ದೀಪ: ತುಂಬುವಾಗ ಕೆಂಪು, ಕಾಯುವಾಗ ಹಸಿರು.

"ಇದನ್ಯಾರೂ ಮೂಸಲ್ಲ ಮೇಡಂ. ಬಟನ್ನೇ ಇಲ್ಲ, ಏನ್ ನೋಡದು ಅಂತಾರೆ."

"ಇಲ್ಲೇ ಒಂದು ಬ್ಯಾಟರಿಗೆ ಹಾಕಿ ತೋರಿಸ್ತೀರಾ?"

ಹಾಕಿದ. ನಾನು ಮೀಟರ್ ಇಟ್ಟೆ. ಸ್ವಿಚ್ಚು ಆರಿಸಿ ಎಂದೆ, ಆರಿಸಿದ. ಅಂಕಿ ಇಳಿಯಿತು. ಹಾಕಿ ಎಂದೆ. ಯಾರೂ ಏನೂ ಮುಟ್ಟದೆ ಅಂಕಿ ಮತ್ತೆ ಏರಿತು. ಇನ್ನೊಮ್ಮೆ ಎಂದೆ. ಪ್ಲಗ್ಗನ್ನೇ ಕಿತ್ತು ಹಾಕಿ ಎಂದೆ. ಅವನು ಕಿತ್ತೂ ಕಿತ್ತೂ ಸಾಕಾಗಿ ಚಾಲಕರ ಕಡೆ ತಿರುಗಿ, "ಏನ್ಲಾ ಇದು, ಚಾರ್ಜರ್ ತಗಳಕ್ ಬಂದವ್ರಾ, ಎಣ್ಣು ನೋಡಕ್ ಬಂದವ್ರಾ?" ಎಂದ.

"ಸುಮ್ನೆ ಕೀಳ್ಲಾ," ಎಂದರು ಚಾಲಕರು. "ನಮ್ ಆಲೆಮನೆ ಅಜ್ಜಿ ಇನ್ನೂ ಜಾಸ್ತಿ ಕೀಳ್ತದೆ."

ಬರಿದಾದ ಬ್ಯಾಟರಿಯನ್ನು ಈ ಸಣ್ಣ ಡಬ್ಬವೇ ತುಂಬಿಸಬೇಕೆಂದರೆ ಬಹಳ ಕಾಲ ಹಿಡಿಯುತ್ತದೆ. ಹಾಗಾಗಿ ಪರದೆಯ ಚಾರ್ಜರನ್ನೇ ಮೊದಲು ಹಾಕಿ, ಪಕ್ಕದಲ್ಲಿ ಕೂತು, ಕರೆಂಟು ಹೋಗಿ ಬಂದಾಗಲೆಲ್ಲ ಗುಂಡಿ ಒತ್ತಿ, ಬ್ಯಾಟರಿ ತುಂಬಿಸಿದೆ. ತುಂಬಿದ ಮೇಲೆ ಕಪ್ಪು ಡಬ್ಬಕ್ಕೆ ಬದಲಿಸಿದೆ. ಒಮ್ಮೆ ಅಷ್ಟು ಕೆಳಗಿಳಿದ ಬ್ಯಾಟರಿ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಶಾಶ್ವತವಾಗಿ ಕಳೆದುಕೊಂಡಿರುತ್ತದೆ ಎಂದೂ ಓದಿದ್ದೆ. ಎಷ್ಟು ಕಳೆದುಕೊಂಡಿದೆ ಎಂದು ನನ್ನ ಮೀಟರ್ ಹೇಳುವುದಿಲ್ಲ. ಅದು ಶಿಬಿರದಲ್ಲೇ ಗೊತ್ತಾಗಬೇಕು. ಗಾಡಿ ಬರುತ್ತದೆ ಎಂದು ಕಾರ್ಯದರ್ಶಿಗೆ ತಿಳಿಸಿದೆ. "ಖಂಡಿತಾನಾ?" ಎಂದರು. ಖಂಡಿತ ಎನ್ನಲಿಲ್ಲ, ಬರುತ್ತದೆ ಎಂದೇ ಮತ್ತೆ ಹೇಳಿದೆ.

ಶಿಬಿರದ ಹಿಂದಿನ ಸಂಜೆ ಜೋರು ಗುಡುಗು. ಅತ್ತೆ ಕಿತ್ತರು, ಹಾಕಿದರು. ಬೆಳಿಗ್ಗೆ ಹಸಿರು ದೀಪವಿತ್ತು. ಈ ಸಲ ದೀಪವನ್ನು ನಂಬದೆ ಸ್ವಿಚ್ಚು ಆರಿಸಿ, ಹಿಡಿಕೆ ತೆಗೆದು, ಕಾಫಿ ಕುಡಿದು ಬಂದು ಮೀಟರ್ ಇಟ್ಟೆ. ತುಂಬಿತ್ತು. ಚಾಲಕರು ಕೀಲಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಪಾಂಡವಪುರ ದಾಟುವವರೆಗೂ ಅವರು ಹಾಡು ಹಾಕಲಿಲ್ಲ.

ಗೋವಿಂದನಹಳ್ಳಿಯ ಆಚೆಯ ಶಾಲೆಯಲ್ಲಿ ಗಾಡಿಯನ್ನು ಮರದಡಿ ನಿಲ್ಲಿಸಿ ಎಂಜಿನ್ ಆರಿಸಿದೆವು. ಆ ಹುಡುಗಿ, ತಾಯಿ ಇಬ್ಬರೂ ಬಂದಿದ್ದರು. ಅವಳಿಗಿಂತ ಮುಂಚೆ ಬೇರೆ ಮಕ್ಕಳಿದ್ದರು. ನಾನು ಒಂದು ಕಣ್ಣನ್ನು ಬಟ್ಟಲಿನ ಮೇಲೆ, ಇನ್ನೊಂದನ್ನು ಮೀಟರಿನ ಮೇಲೆ ಇಟ್ಟುಕೊಂಡೇ ಕೆಲಸ ಮಾಡಿದೆ. ಪ್ರತಿ ಮಗುವಿಗೂ ಅಂಕಿ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಅವಳ ಸರದಿ ಬಂದಾಗ ಇನ್ನೂ ಭಯಪಡುವ ಮಟ್ಟಕ್ಕೆ ಬಂದಿರಲಿಲ್ಲ. ಸೋರುವುದು ನಿಂತಿತ್ತು. ಎಡಗಿವಿಗೆ ಸಣ್ಣ ಸದ್ದಿಗೂ ಬೀಜ ಬಟ್ಟಲಿಗೆ ಬಿತ್ತು. ಬಲಗಿವಿಗೆ ಬದಲಿಸಿದೆ. ಬೀಜ ಬಹಳ ಹೊತ್ತು ಅವಳ ಬೆರಳುಗಳ ನಡುವೆಯೇ ಇತ್ತು. ಸದ್ದು ಏರಿಸುತ್ತ ಹೋದೆ. ಕೊನೆಗೆ ಬಿತ್ತು.

ತಾಯಿಗೆ ಹೇಳಿದೆ: ಒಂದು ಕಿವಿ ಚೆನ್ನಾಗಿದೆ, ಇನ್ನೊಂದಕ್ಕೆ ಸಾಧನ ಬೇಕು, ಅದಕ್ಕೆ ನಾವೇ ಬರೆಯುತ್ತೇವೆ, ಅಲ್ಲಿಯವರೆಗೆ ಎಡಗಿವಿ ಮೇಷ್ಟರ ಕಡೆಗಿರುವ ಹಾಗೆ ಮುಂದಿನ ಬೆಂಚಿನಲ್ಲಿ ಕೂರಿಸಬೇಕು.

"ಅಂಗಾರೆ ಬೇಕೂಂತ ಅಂಗಾಡ್ತಿರ್ಲಿಲ್ವಾ ಅವ್ಳು?"

"ಇಲ್ಲ."

ಅವರು ಮಗಳನ್ನು ನೋಡಿದರು. "ಕಸಕ್ಕೆ ಎಷ್ಟ್ ಬೈದಿದೀನಿ," ಎಂದು, ಅವಳ ಬಲಗಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದರು.

ಕೊನೆಯ ಮಗು ಇಳಿಯಿತು. ಈಗ ಉಳಿದದ್ದು ಒಂದೇ. ಶಾಲೆಯವರೆಲ್ಲ ಗಾಡಿಯ ಸುತ್ತ ನಿಂತಿದ್ದರು. ಹಿಂದೊಮ್ಮೆ ತಳ್ಳಿ ಅಭ್ಯಾಸವಿದ್ದ ಮೇಷ್ಟರೊಬ್ಬರು ತೋಳು ಮಡಿಸಿಕೊಳ್ಳುತ್ತಿದ್ದರು. ಚಾಲಕರು ಕೀಲಿ ತಿರುಗಿಸಿದರು. ಒಂದು ಕ್ಷಣ ಎಳೆದಂತಾಗಿ, ಎದ್ದಿತು. ಹೊಗೆ ಬಂತು. ಮೇಷ್ಟರು ತೋಳು ಬಿಚ್ಚಿಕೊಂಡರು, ಸ್ವಲ್ಪ ನಿರಾಶೆಯಾದಂತೆ ಕಂಡಿತು. ಚಾಲಕರು ಕಿಟಕಿಯಿಂದ ತಲೆ ಹಾಕಿ, "ಗ್ಲೂಕೋಸ್ ಇಡೀತು ಮೇಡಂ!" ಎಂದು ಕೂಗಿದರು. ನಾನು ಮರಕ್ಕೆ ಒರಗಿಕೊಂಡೆ. ಇದು ಮಾತ್ರ ಕಲಸಿಹೋಗದ ನೆನಪು.

ಕಾರ್ಯದರ್ಶಿಗೆ ಫೋನು ಮಾಡಿದೆ. ಅವರು, "ಹಾಗಾದ್ರೆ ನಾಗಮಂಗಲದವರಿಗೂ ದಿನ ಹೇಳಿಬಿಡಿ. ಗಾಡಿ ಇರುತ್ತೆ," ಎಂದರು. ದಸರಾದಲ್ಲಿ ಕಾದು ಎದ್ದುಹೋದವರ ಶಾಲೆಗೇ ಮೊದಲು ಹೇಳಿದೆ.

ಗಾಡಿ ಮಳೆಗಾಲವೆಲ್ಲ ಓಡಿತು. ದಸರಾ ರಜೆಗೆ ಮತ್ತೆ ಆಲೆಮನೆ ಸೇರಿತು, ಕಪ್ಪು ಡಬ್ಬ ಮತ್ತೆ ಗೋಡೆಗೆ. ಒಂದು ಮಧ್ಯಾಹ್ನ ನಾನು ಒಳಗೆ ಸ್ಪಂಜು ಒರೆಸುತ್ತಿದ್ದಾಗ ಅತ್ತೆ ಡೇರಿಗೆ ಹೊರಡುವವರು ಪ್ಲಗ್ಗು ಕೀಳಲು ಬಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬೇಸಿಗೆಯಲ್ಲಿ ನಾನು ಕೂತು ನೋಡಿದ್ದು ಪರದೆಯನ್ನು ಮತ್ತು ಮೀಟರನ್ನು. ಅವರು ಹೇಗೆ ಕೀಳುತ್ತಾರೆಂದು ನೋಡಿರಲೇ ಇಲ್ಲ. ಈಗ ನೋಡಿದೆ. ಮೂಲೆಯಿಂದ ಒಂದು ಮರದ ಮಣೆ ಎಳೆದು, ಚಪ್ಪಲಿ ಕಾಲಲ್ಲೇ ಅದರ ಮೇಲೆ ನಿಂತರು. ಕೈ ಒಣಗಿರಲೆಂದು ಸೀರೆಗೆ ಎರಡೆರಡು ಸಲ ಒರೆಸಿ, ಅಂಗೈಗೆ ದಪ್ಪ ಬಟ್ಟೆ ಸುತ್ತಿಕೊಂಡರು. ಮುಖ ಆಚೆ ತಿರುಗಿಸಿ, ಉಸಿರು ಹಿಡಿದು, ಕಿತ್ತರು. ಆಮೇಲೆ ಉಸಿರು ಬಿಟ್ಟರು. ಇದು ಗುಡುಗಿಗೆ ಹೆದರುವವರ ಕ್ರಮವಲ್ಲ.

ಈ ಮನೆಗೆ ನಾನು ಚಿಕ್ಕಂದಿನಿಂದ ಬರುತ್ತಿದ್ದೇನೆ. ಅವರು ಮೊದಲೂ ಹೀಗೇ ಕೀಳುತ್ತಿದ್ದರೇ ಎಂದು ನೆನೆಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ನೆನಪಾಗಿದ್ದರೂ ನಂಬುತ್ತಿರಲಿಲ್ಲ.

ಅತ್ತೆ ಮಣೆಯನ್ನು ಮೂಲೆಗೆ ನಿಲ್ಲಿಸಿ, ಹಾಲಿನ ಕ್ಯಾನು ಎತ್ತಿಕೊಂಡು ಹೊರಟಿದ್ದರು. ನಾನು ಗಾಡಿಯಿಂದ ಇಳಿದು ಬಾಗಿಲಿಗೆ ಬಂದು ಒಂದು ಮಾತು ಕೇಳಿದೆ. ಅವರು ಒಮ್ಮೆ ನಿಂತರು, ನನ್ನ ಮುಖ ನೋಡಿದರು, "ಡೇರಿ ಬಾಗ್ಲಾಕ್ಬುಡ್ತಾರೆ ಕಣವ್ವ," ಎಂದು ನಡೆದರು. ಆಮೇಲೂ ಒಂದೆರಡು ಸಲ ಕೇಳಿದ್ದೇನೆ, ಪ್ರತಿ ಸಲವೂ ಏನೋ ಕೆಲಸ ಎದ್ದುಬರುತ್ತದೆ. ಅವತ್ತು ಅವರನ್ನು ನಿಲ್ಲಿಸಿ ನಾನು ಕೇಳಿದ್ದು ಇಷ್ಟೇ:

"ಅತ್ತೆ, ಈ ಆಲೆಮನೇಲಿ ಕರೆಂಟು ಯಾರಿಗೆ ಹೊಡೆದಿತ್ತು?"